ಎಳ್ಳು ಬೀರೋಕೆ ಕಾಗದದ ಡಬ್ಬಿ

ಅತ್ತೆ, ಸಂಕ್ರಾಂತಿಗೆ ಪ್ಲಾಸ್ಟಿಕ್ ಕವರ್ ಬೇಡ, ಕಾಗದದ ಡಬ್ಬೀಲೇ ಎಳ್ಳು ಬೀರೋಣ, ಆದ್ರೆ ಹೋದ ವರ್ಷದ ಡಬ್ಬಿಗೆಲ್ಲ ಎಣ್ಣೆ ಕಲೆ ಹತ್ತಿ ಮುಚ್ಚಳಾನೂ ಕೂರ್ಲಿಲ್ಲ ಅಂದ್ರಲ್ಲ, ಅದಕ್ಕೆ ಹೇಳ್ತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಕೊಬ್ಬರಿ ಹೆಚ್ತಾ ಕೇಳಿ.

ಮೊದಲು ಎಣ್ಣೆ ವಿಷಯ. ಕೊಬ್ಬರಿ, ಕಡ್ಲೇಬೀಜ, ಎಳ್ಳು ಮೂರೂ ಎಣ್ಣೆ ಬಿಡೋವೇ, ಎಷ್ಟು ದಪ್ಪ ಕಾಗದ ತಂದ್ರೂ ಹೀರುತ್ತೆ. ಹುರಿದಿದ್ದು ಪೂರ್ತಿ ಆರೋ ಮುಂಚೆ ತುಂಬಿದ್ರೆ ಇನ್ನೂ ಕೆಟ್ಟದು, ಹಬೆಗೆ ಬೆಲ್ಲ ನೀರೊಡೆದು ಡಬ್ಬಿ ಮೆತ್ತಗಾಗುತ್ತೆ. ಹೆಚ್ಚಿದ ಕೊಬ್ಬರಿ, ಬೆಲ್ಲ ಎರಡು ದಿನ ಬಿಸಿಲಲ್ಲಿ ಒಣಗಲಿ. ಡಬ್ಬಿ ಎಷ್ಟು ಮುಂಚೆ ಬೇಕಾದ್ರೂ ಮಾಡಿಡಿ, ತುಂಬೋದು ಮಾತ್ರ ಹಬ್ಬದ ಹಿಂದಿನ ಸಂಜೆ. ಒಳಗೆ ಬಟರ್ ಪೇಪರ್ ಹಾಸ್ಲೇಬೇಕು. ಸ್ಟೇಷನರಿ ಅಂಗಡೀಲಿ ಬಟರ್ ಪೇಪರ್ ಅಂದ್ರೆ ನಕ್ಷೆ ಬರೆಯೋ ಟ್ರೇಸಿಂಗ್ ಪೇಪರ್ ಕೊಡ್ತಾರೆ, ಅದಲ್ಲ. ಕೇಕ್ ಸಾಮಾನು ಮಾರೋ ಅಂಗಡೀಲಿ ಕೇಳಿ. ನ್ಯೂಸ್‌ಪೇಪರ್ ಬೇಡವೇ ಬೇಡ, ಅದರ ಇಂಕು ತಿನ್ನೋ ಪದಾರ್ಥಕ್ಕೆ ಹತ್ತುತ್ತೆ.

ಡಬ್ಬಿಗೆ ಮಕ್ಕಳ ಸ್ಕೂಲ್ ಚಾರ್ಟ್ ಸಾಕು. 22 ಇಂಚು ಅಗಲ 28 ಇಂಚು ಉದ್ದದ ಒಂದು ಚಾರ್ಟಲ್ಲಿ 7 ಇಂಚಿನ ಚೌಕ 12 ಬರುತ್ತೆ, ಅಂದ್ರೆ ಮುಚ್ಚಳ ಸಮೇತ 6 ಡಬ್ಬಿ. ತಳ ಎರಡೂವರೆ ಇಂಚು, ಎತ್ತರ ಒಂದೂಕಾಲು. ಒಂದು ಹಿಡಿ ಎಳ್ಳು-ಬೆಲ್ಲ, ಜೊತೆಗೆ ಒಂದು ಪುಟ್ಟ ಸಕ್ಕರೆ ಅಚ್ಚು ಹಿಡಿಯುತ್ತೆ. ಮದುವೆ ಕಾರ್ಡಿನಂಥ ದಪ್ಪ ಹಾಳೆ ಬೇಡ, ಮಡಿಕೇಲಿ ಒಡೆದು ಬಿಳಿ ಗೆರೆ ಬರುತ್ತೆ.

ಮುಚ್ಚಳ ಕೂರದೇ ಇರೋಕೆ ಕಾರಣ ಎರಡೂ ಹಾಳೆ ಒಂದೇ ಅಳತೆ ಇದ್ದಿದ್ದು. ಮುಚ್ಚಳಕ್ಕೆ 7 ಇಂಚು ಇರಲಿ, ತಳದ ಹಾಳೇಲಿ ಉದ್ದಕ್ಕೂ ಅಗಲಕ್ಕೂ 4 ಮಿಲಿಮೀಟರ್ ಕಮ್ಮಿ ಮಾಡಿ. ಚೌಕ ಸೊಟ್ಟ ಆದ್ರೂ ಕೆಡುತ್ತೆ, ಮೂಲೆ ನಡುವಿಗೆ ಸೇರದೆ ಒಂದು ಗೋಡೆ ಎತ್ತರ, ಇನ್ನೊಂದು ತಗ್ಗು. ಅದಕ್ಕೇ ಕತ್ತರಿ ಬಿಟ್ಟು ಸ್ಕೇಲಿಟ್ಟು ಬ್ಲೇಡಲ್ಲಿ ಕೊಯ್ಯಿರಿ.

ಮಡಚೋದು ಹೀಗೆ. ಬಣ್ಣದ ಮುಖ ಕೆಳಗಿರಲಿ. ಮೂಲೆಯಿಂದ ಮೂಲೆಗೆ ಎರಡು ಸಲ ಮಡಚಿ ಬಿಚ್ಚಿದ್ರೆ ಗೆರೆ ಸೇರೋ ಜಾಗಾನೇ ನಡು. ನಾಲ್ಕೂ ಮೂಲೆ ಅಲ್ಲಿಗೆ ತನ್ನಿ, ಚಿಕ್ಕ ಚೌಕ ಆಯ್ತು. ಅದರ ಎದುರುಬದುರು ಅಂಚು ಎರಡನ್ನೂ ನಡುವಿಗೆ ಮಡಚಿ ಬಿಚ್ಚಿ, ಉಳಿದೆರಡನ್ನೂ ಹಾಗೇ. ಪ್ರತಿ ಮಡಿಕೆ ಮೇಲೂ ಚಮಚದ ಹಿಂಭಾಗ ಎಳೀರಿ. ಈಗ ಮೇಲಿನ ಮೂಲೆ, ಕೆಳಗಿನ ಮೂಲೆ ಮಾತ್ರ ಪೂರ್ತಿ ಬಿಚ್ಚಿ. ಎಡ-ಬಲದ ಅಂಚು ಎದ್ದು ನಿಂತ್ರೆ ಎರಡು ಗೋಡೆ ಆಯ್ತು. ಬಿಚ್ಚಿದ ತುದಿ ಎತ್ತುವಾಗ ಪಕ್ಕದ ಓರೆ ಮಡಿಕೆ ಎರಡನ್ನೂ ಹೆಬ್ಬೆರಳಲ್ಲಿ ಒಳಕ್ಕೆ ತಳ್ಳಿ, ತುದೀನ ಗೋಡೆ ಮೇಲಿಂದ ಒಳಗೆ ತಂದು ತಳಕ್ಕೆ ಕೂರಿಸಿ. ಎಲ್ಲರೂ ತಡವರಿಸೋದು ಇಲ್ಲೇ, ಜೋರು ಮಾಡಿದ್ರೆ ಮೂಲೆ ಹರಿಯುತ್ತೆ. ಇನ್ನೊಂದು ಕಡೇನೂ ಇದೇ ಥರ. ಒಳತಳಕ್ಕೂ ಬಣ್ಣದ ಮುಖಾನೇ ಬರುತ್ತೆ, ಅದರ ಮೇಲೆ 5 ಇಂಚಿನ ಬಟರ್ ಪೇಪರ್ ಚೌಕ ಒತ್ತಿದ್ರೆ ತಳ, ಗೋಡೆ ಎರಡೂ ಮುಚ್ಚುತ್ತೆ.

ಅಂಟು ಬೇಕಾಗಲ್ಲ. ತುದಿ ಎದ್ದೇಳ್ತಿದ್ರೆ ಒಂದು ಚುಕ್ಕೆ ಮೈದಾ ಅಂಟು ಸಾಕು. ಪೋಸ್ಟರ್ ಅಂಟಿಸೋರು ಹುಳ ಬರದಿರಲಿ ಅಂತ ಅದಕ್ಕೆ ಮೈಲುತುತ್ತು ಹಾಕ್ತಾರೆ, ಅದು ವಿಷ, ತಿನ್ನೋ ಡಬ್ಬಿ ಹತ್ರ ತರಬೇಡಿ. ಕಬ್ಬಿನ ತುಂಡನ್ನ ಇದರೊಳಗೆ ಇಡಬೇಡಿ, ರಸಕ್ಕೆ ಗಂಟೆಯೊಳಗೆ ತಳ ಒದ್ದೆಯಾಗುತ್ತೆ. ಬಾಳೆಹಣ್ಣಿನ ಜೊತೆ ತಟ್ಟೇಲಿ ಬೇರೆ ಇಡಿ.

ಮಿಕ್ಕ ಬಣ್ಣದ ಕಾಗದದಲ್ಲಿ ಹುಡುಗರು ಎತ್ತಿನ ಕೊಂಬಿಗೆ ಹೂವು, ಕುಚ್ಚು ಮಾಡಲಿ. ಕ್ರೇಪ್ ಪೇಪರ್ ಚೆನ್ನಾಗಿ ಅರಳುತ್ತೆ, ಆದ್ರೆ ಒದ್ದೆಯಾದ್ರೆ ಬಣ್ಣ ಬಿಡುತ್ತೆ, ಮೈ ತೊಳೆದು ಒಣಗಿದ ಮೇಲೆ ಕಟ್ಟಿ. ಸ್ಟೇಪ್ಲರ್ ಪಿನ್ನು ಹಾಕ್ಬೇಡಿ, ಬಿದ್ದ ಹೂವನ್ನ ದನ ಮೇಯುತ್ತೆ, ದಾರದಲ್ಲೇ ಬಿಗೀರಿ. ಸಂಜೆ ಕಿಚ್ಚು ಹಾಯ್ಸೋ ಮುಂಚೆ ಒಂದೂ ಬಿಡದೆ ಬಿಚ್ಚಿಡಬೇಕು. ಅದನ್ನ ದನ ಹಿಡಿಯೋರಿಗೆ ಬೆಳಗ್ಗೇನೇ ಹೇಳಿಡಿ, ಸಂಜೆ ಗದ್ದಲದಲ್ಲಿ ಯಾರಿಗೂ ಕೇಳ್ಸಲ್ಲ.