64 ಬಿಟ್‌ಗೆ ಬದಲಾದರೆ ನಮ್ಮಂಥವರಿಗೆ ಲಾಭವಿದೆಯೇ?

ಮಂಡ್ಯ ಡಿಟಿಪಿ:
ಮಾನ್ಯರೇ, ಮಂಡ್ಯದಲ್ಲಿ ನಮ್ಮದೊಂದು ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಕರಪತ್ರ ಹಾಗೂ ಅರ್ಜಿಗಳ ಟೈಪಿಂಗ್ ನಮ್ಮ ಕೆಲಸ. ಕಂಪ್ಯೂಟರಿನ ಪ್ರೊಸೆಸರ್ 64 ಬಿಟ್‌ನದು, ಅದರಲ್ಲಿರುವ ವಿಂಡೋಸ್ 10 ಮಾತ್ರ 32 ಬಿಟ್‌ನದು. 4 ಜಿಬಿ ರ‍್ಯಾಮ್ ಹಾಕಿಸಿದ್ದರೂ ಬಳಕೆಗೆ 3.25 ಜಿಬಿ ಮಾತ್ರ ಎಂದು ತೋರಿಸುತ್ತಿದೆ. 64 ಬಿಟ್ ಹಾಕಿಸಿದರೆ ವೇಗ ಎರಡು ಪಟ್ಟಾಗುತ್ತದೆ ಎನ್ನುತ್ತಾರೆ. ಇದು ನಿಜವೇ?

ಉಪನ್ಯಾಸಕಿ, ಮೈಸೂರು:
ವೇಗ ಎರಡು ಪಟ್ಟಾಗುವುದಿಲ್ಲ ಸರ್. 32 ಬಿಟ್‌ನಲ್ಲಿ (ಅಂದರೆ 32 ಸೊನ್ನೆ-ಒಂದುಗಳಲ್ಲಿ) ಬರೆಯಬಹುದಾದ ಮೆಮೊರಿ ವಿಳಾಸಗಳು ಸುಮಾರು 429 ಕೋಟಿ; ಒಂದು ವಿಳಾಸಕ್ಕೆ ಒಂದು ಬೈಟ್‌ನಂತೆ 4 ಜಿಬಿ. ಗ್ರಾಫಿಕ್ಸ್ ಮೊದಲಾದ ಸಾಧನಗಳಿಗೂ ಇದರಲ್ಲೇ ಜಾಗ ಬಿಡಬೇಕಾಗುವುದರಿಂದ ತಮಗೆ 3.25 ಕಾಣುತ್ತಿದೆ, ರ‍್ಯಾಮ್ ಕೆಟ್ಟಿಲ್ಲ. ಅಲ್ಲದೆ 32 ಬಿಟ್ ವಿಂಡೋಸ್‌ನಲ್ಲಿ ಒಂದು ತಂತ್ರಾಂಶಕ್ಕೆ ಸಾಮಾನ್ಯವಾಗಿ ಸಿಗುವುದು 2 ಜಿಬಿ ಮಾತ್ರ, ಹಾಗಾಗಿ ಫ್ಲೆಕ್ಸ್ ಬ್ಯಾನರಿನಂಥ ದೊಡ್ಡ ಚಿತ್ರ ತೆರೆದಾಗ ರ‍್ಯಾಮ್ ಉಳಿದಿದ್ದರೂ ಆ ತಂತ್ರಾಂಶ ನಿಂತುಹೋಗಬಹುದು. 2003ರಲ್ಲಿ ಪ್ರೊಸೆಸರ್ ತಯಾರಕ ಕಂಪನಿ ಎಎಂಡಿ ತಂದ 64 ಬಿಟ್ ವಿನ್ಯಾಸ ಈ ಮಿತಿಯನ್ನು ತೆಗೆದುದಲ್ಲದೆ, ಲೆಕ್ಕದ ವೇಳೆ ಅಂಕಿಗಳನ್ನು ಕೈಯಳತೆಯಲ್ಲೇ ಇಟ್ಟುಕೊಳ್ಳುವ ಸಾಮಾನ್ಯ ರಿಜಿಸ್ಟರುಗಳನ್ನು 8ರಿಂದ 16ಕ್ಕೆ ಏರಿಸಿತು. ಚಿತ್ರ, ವಿಡಿಯೊ ಕೆಲಸಕ್ಕೆ ಇದರಿಂದ ಅನುಕೂಲವಿದೆ; ಟೈಪಿಂಗ್‌ನಲ್ಲಿ ವ್ಯತ್ಯಾಸ ತಿಳಿಯದು.

ಮುದ್ರಕ, ಶಿವರಾಂಪೇಟೆ:
ಮೇಡಂ ಹೇಳಿದ್ದು ಸರಿ, ಆದರೆ ಅಂಗಡಿಯವರಿಗೆ ಬೇರೆ ತೊಂದರೆಗಳಿವೆ. 64 ಬಿಟ್ ವಿಂಡೋಸ್‌ಗೆ 64 ಬಿಟ್ ಡ್ರೈವರ್‌ಗಳೇ (ಸ್ಕ್ಯಾನರ್, ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ತಂತ್ರಾಂಶಗಳು) ಬೇಕು. ನಮ್ಮ ಪ್ರೆಸ್ಸಿನ ಹಳೆಯ ಸ್ಕ್ಯಾನರಿಗೆ ಅಂಥದ್ದು ಸಿಗಲೇ ಇಲ್ಲ. 16 ಬಿಟ್ ತಂತ್ರಾಂಶಗಳಂತೂ ಓಡುವುದೇ ಇಲ್ಲ; ಕೆಲವು ಹಳೆಯ ತಂತ್ರಾಂಶಗಳು ತಾವು 32 ಬಿಟ್‌ನವಾದರೂ ಅವುಗಳ ಇನ್‌ಸ್ಟಾಲರ್ 16 ಬಿಟ್‌ನದಾಗಿರುವುದರಿಂದ ಹೊಸದಾಗಿ ಹಾಕುವಾಗ ಕೈಕೊಡುತ್ತವೆ. ಮೇಲಾಗಿ ಪ್ರತಿ ವಿಳಾಸವೂ ಎರಡರಷ್ಟು ಜಾಗ ಹಿಡಿಯುವುದರಿಂದ, ರ‍್ಯಾಮ್ 4 ಜಿಬಿಯಲ್ಲೇ ಉಳಿದರೆ ಲಾಭ ಬಹಳ ಕಡಿಮೆ.

ಉಪನ್ಯಾಸಕಿ, ಮೈಸೂರು:
ಒಪ್ಪುತ್ತೇನೆ, ಮೊದಲು ರ‍್ಯಾಮ್ ಅನ್ನು 8 ಜಿಬಿ ಮಾಡಿಸಿ. ಆದರೂ ಹಳೆಯದರಲ್ಲೇ ಉಳಿಯಿರಿ ಎಂದು ಹೇಳಲಾರೆ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಗ್ರಾಹಕರ ಆಧಾರ್ ಪ್ರತಿಗಳು ಇರುವ ಕಂಪ್ಯೂಟರಿಗೆ ಸುರಕ್ಷತಾ ಅಪ್‌ಡೇಟ್ ಇಲ್ಲದಿರುವುದು ನನಗೆ ವೇಗಕ್ಕಿಂತ ದೊಡ್ಡ ಚಿಂತೆ. 32ರಿಂದ 64ಕ್ಕೆ ನೇರವಾಗಿ ಏರಿಸಲು ಬರುವುದಿಲ್ಲ, ಹೊಸದಾಗಿಯೇ ಹಾಕಬೇಕು. ಆದ್ದರಿಂದ ಕಡತಗಳ ಜೊತೆಗೆ ನುಡಿ, ಬರಹ ಫಾಂಟುಗಳನ್ನೂ ಮೊದಲೇ ಪೆನ್‌ಡ್ರೈವ್‌ಗೆ ಪ್ರತಿ ಮಾಡಿಕೊಳ್ಳಿ. ಅವಿಲ್ಲದಿದ್ದರೆ ಹಳೆಯ ಲಗ್ನಪತ್ರಿಕೆಗಳನ್ನು ತೆರೆದಾಗ ಅಕ್ಷರಗಳ ಬದಲು ಚಿಹ್ನೆಗಳು ಕಾಣುತ್ತವೆ.

ಮಂಡ್ಯ ಡಿಟಿಪಿ:
ಇಬ್ಬರಿಗೂ ಧನ್ಯವಾದಗಳು. ನಮ್ಮ ಸ್ಕ್ಯಾನರಿನ 64 ಬಿಟ್ ಡ್ರೈವರ್ ತಯಾರಕರ ತಾಣದಲ್ಲಿ ಸಿಕ್ಕಿದೆ. ರ‍್ಯಾಮ್ ಹಾಕಿಸಿದ ನಂತರ ವಿಂಡೋಸ್ ಬದಲಿಸುತ್ತೇನೆ.