ಚಕಮಕಿ ಬಂದೂಕ: ‘ಹುಸಿ ಹೋಯಿತು’ ಅಂದರೆ ಸಾಕೆ?

ಎಲ್ಲರಿಗೂ ಶರಣು.

ಸುರಪುರ ಸಂಸ್ಥಾನದ ಕಾಲದ ಆಯುಧಗಳ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. 1705ರಲ್ಲಿ ಸುರಪುರದ ಹತ್ತಿರದ ವಾಗಿನಗೇರಾ ಕೋಟೆಯಲ್ಲಿ ಔರಂಗಜೇಬನ ದಂಡನ್ನು ತಡೆದು ನಿಂತ ಬೇಡರು ಬಂದೂಕಿನ ಗುರಿಗೆ ಹೆಸರಾದವರು. ಉರಿಯುವ ಬತ್ತಿಯಿಂದ ಮದ್ದು ಹೊತ್ತಿಸುವ ತೋಡೇದಾರ ಬಂದೂಕಿನ ವಿವರ ಸಲೀಸಾಗಿ ಬಂತು. ಚಕಮಕಿ ಬಂದೂಕಿಗೆ ಬಂದಾಗ ಪದಗಳು ಸಾಲುತ್ತಿಲ್ಲ.

ಅದರ ಕುದುರೆಯ ಬಾಯಿಗೆ ಚಕಮಕಿ ಕಲ್ಲು ಕಚ್ಚಿಸಿರುತ್ತಾರೆ. (ಈಗ ನಾವು ಬೆರಳಲ್ಲಿ ಎಳೆಯುವ ಕೀಲಿಗೂ ಕುದುರೆ ಅನ್ನುತ್ತೇವೆ, ಇಲ್ಲಿ ಅದು ಕಲ್ಲು ಹಿಡಿದ ಭಾಗಕ್ಕೇ ಮೀಸಲಾದರೆ ಒಳ್ಳೆಯದು.) ಕಲ್ಲು ಉಕ್ಕಿನ ತಗಡಿಗೆ ಗೀರಿದಾಗ ತಗಡು ಮಗುಚಿ, ಕೆಳಗಿನ ಬಟ್ಟಲಲ್ಲಿರುವ ನುಣ್ಣನೆಯ ಮದ್ದಿಗೆ ಕಿಡಿ ಬೀಳುತ್ತದೆ. ಆ ಉರಿ ನಳಿಗೆಯ ಪಕ್ಕದ ಸಣ್ಣ ತೂತಿನಿಂದ ಒಳಹೊಕ್ಕು ಒಳಮದ್ದನ್ನು ಹೊತ್ತಿಸಬೇಕು.

ಇದು ಕೆಡುವುದು ಮೂರು ಬಗೆಯಲ್ಲಿ. ಕಲ್ಲಿನ ಅಂಚು ಮೊಂಡಾಗಿಯೋ ತಗಡಿಗೆ ಜಿಡ್ಡು ಹತ್ತಿಯೋ ಕಿಡಿಯೇ ಹಾರದಿರಬಹುದು. ಬಟ್ಟಲ ಮದ್ದು ಭಗ್ಗೆಂದು ಉರಿದರೂ ತೂತು ಮಸಿಯಿಂದ ಕಟ್ಟಿದ್ದರೆ ಗುಂಡು ಹಾರುವುದಿಲ್ಲ. ಮೂರನೆಯದು, ಮದ್ದು ತೇವವಾಗಿದ್ದರೆ ಅಥವಾ ತೂತಿನೊಳಗೇ ಮದ್ದು ತುಂಬಿಕೊಂಡಿದ್ದರೆ ಉರಿ ಬತ್ತಿಯಂತೆ ನಿಧಾನವಾಗಿ ಒಳಗೆ ಸಾಗಿ, ತಡವಾಗಿ ಗುಂಡು ಹಾರುತ್ತದೆ. ಜೀವಕ್ಕೆ ಅಪಾಯ ಇರುವುದು ಇಲ್ಲೇ. ಹಾರಲಿಲ್ಲವೆಂದು ಬಂದೂಕನ್ನು ಪಕ್ಕಕ್ಕೆ ತಿರುಗಿಸಿದರೆ, ನಳಿಗೆಯೊಳಗೆ ಇಣುಕಿದರೆ ಮುಗಿಯಿತು. ಅದಕ್ಕೇ ಬಲ್ಲವರು ನಳಿಗೆಯ ಬಾಯಿಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯುತ್ತಾರೆ. ಆಮೇಲೆ ತೂತಿಗೆ ಸೂಜಿ ಹಾಕಿ ಬಿಡಿಸಿ, ಬಟ್ಟಲಿಗೆ ಹೊಸ ಮದ್ದು ಹಾಕುತ್ತಾರೆ.

ಮೂರಕ್ಕೂ ‘ಹುಸಿ ಹೋಯಿತು’ ಎಂದು ಬರೆದರೆ ಮಗುವಿಗೆ ಕಾಯಬೇಕಾದ ಕಾರಣವೇ ತಿಳಿಯುವುದಿಲ್ಲ. ಹುಸಿ ಅಂದರೆ ಮುಗಿದುಹೋದದ್ದು. ಮೂರನೆಯದು ಇನ್ನೂ ಮುಗಿದಿರುವುದಿಲ್ಲ.

ಎರಡನೆಯದಕ್ಕೆ ಹಿಂದಿ-ಉರ್ದುವಿನಲ್ಲಿ ‘ರಂಜಕ್ ಚಾಟ್ ಜಾನಾ’ ಎಂಬ ನುಡಿಗಟ್ಟು ಇದೆ. ರಂಜಕ ಅಂದರೆ ಬಟ್ಟಲ ಮದ್ದು. ಮರಾಠಿಯಲ್ಲೂ ಅದೇ ಅರ್ಥ. ಬಂದೂಕು ರಂಜಕವನ್ನಷ್ಟೇ ನೆಕ್ಕಿ ಸುಮ್ಮನಾಯಿತು ಎಂಬ ಭಾವ. ದಖನಿ ಕಿವಿಗೆ ಬೀಳುವ ನಮ್ಮ ಕಲಬುರಗಿ, ಬೀದರ, ಯಾದಗಿರಿ ಕಡೆ ‘ರಂಜಕ ನೆಕ್ಕಿತು’ ಎಂದು ಬರೆದರೆ ಒಪ್ಪುತ್ತದೆ ಅನಿಸುತ್ತದೆ. ಮೈಸೂರು, ಮಲೆನಾಡಿನ ಓದುಗರಿಗೂ ಹಿಡಿಸೀತೆ?

ಮೂರನೆಯದಕ್ಕೆ ‘ತಡೆದು ಹಾರು’, ‘ಒಳಗುರಿ’ ಎಂದೆಲ್ಲ ಬರೆದು ನೋಡಿದೆ. ‘ಒಳಗುರಿ’ ಓದಿದವರು ‘ಒಳ ಗುರಿ’ ಎಂದು ಬಿಡಿಸಿಕೊಂಡಾರು, ಬೇಡ. ಜಾತ್ರೆಯಲ್ಲಿ ಮದ್ದು ಸುಡುವವರ, ಕಲ್ಲುಗಣಿಯಲ್ಲಿ ಸಿಡಿಮದ್ದು ಇಡುವವರ ಬಾಯಲ್ಲಿ ತಡವಾಗಿ ಸಿಡಿಯುವುದಕ್ಕೆ ಬೇರೆಯೇ ಮಾತು ಇದ್ದರೆ, ಅವರು ಆಡುವ ವಾಕ್ಯದ ಸಮೇತ ದಯವಿಟ್ಟು ಬರೆದು ಕಳಿಸಿ.