ಹಸು ಹೊರಟ ಚಿತ್ರ ಯಾವ ಗೋಡೆಗೆ?

ಗುಂಪು: ನಮ್ಮ ಮನೆಯವರು

ರಮೇಶ: [ಚಿತ್ರ] "200 ವರ್ಷಗಳ ಹಿಂದೆಯೇ ಲಂಡನ್ನಿನ ವೈದ್ಯರು ಎಚ್ಚರಿಸಿದ್ದರು! ಲಸಿಕೆ ಹಾಕಿಸಿಕೊಂಡವರ ಮೈಯಿಂದ ಹಸುಗಳು ಹೊರಬರುತ್ತಿರುವುದನ್ನು ನೋಡಿ. ಇದನ್ನು ಯಾರೂ ನಿಮಗೆ ಹೇಳುವುದಿಲ್ಲ. ಹತ್ತು ಜನರಿಗೆ ಕಳುಹಿಸಿ."

ರಮೇಶ: ಇದೇ ಚಿತ್ರಕ್ಕೆ ವಿನಯ ಕಟ್ಟು ಹಾಕಿಸಿ ಹೊಸ ಕ್ಲಿನಿಕ್ಕಿಗೆ ತಂದಿಟ್ಟಿದ್ದಾನೆ. ಮೊನ್ನೆ ಕಣ್ಣಾರೆ ನೋಡಿದೆ. ವೈದ್ಯನೇ ಒಪ್ಪಿಕೊಂಡ ಹಾಗಾಯಿತು.

ಅನಿತಾ: ಮೂಲ ಎಲ್ಲಿದೆ ರಮೇಶಣ್ಣ? ಯಾವ ವೈದ್ಯರು, ಯಾವ ವರ್ಷ, ಬರೆದವರು ಯಾರು?

ರಮೇಶ: ಊಟಕ್ಕೆ ಕರೆದರೂ ಮೂಲ ಕೇಳುವವಳು ನೀನು. ಚಿತ್ರ ಕಣ್ಣೆದುರಿಗೇ ಇದೆಯಲ್ಲ.

ಅನಿತಾ: ಬೇವಿನ ಕಷಾಯ ಕುಡಿದರೆ ಕೊರೊನಾ ಹತ್ತಿರ ಸುಳಿಯುವುದಿಲ್ಲ ಎಂದು 2020ರಲ್ಲಿ ಕಳುಹಿಸಿದವನೂ ನೀನೇ.

ರಮೇಶ: ಅದು ನಾನಲ್ಲ, ಚಿಕ್ಕಪ್ಪ.

ಚಿಕ್ಕಪ್ಪ: ನಾನು ಕಳುಹಿಸಿದ್ದು ಶುಂಠಿಯದು. ಬೇವಿನದನ್ನು ನನ್ನ ತಲೆಗೆ ಕಟ್ಟಬೇಡ.

ದೊಡ್ಡಪ್ಪ: ಎಲ್ಲರಿಗೂ ಶುಭೋದಯ. ಚಿತ್ರ ನೋಡಿ ಮನಸ್ಸಿಗೆ ನೋವಾಯಿತು. ಗೋಮಾತೆಯನ್ನು ಮನುಷ್ಯರ ಕಿವಿ, ಬಾಯಿಯಿಂದ ಹೊರಡಿಸಿ ನಗುವುದು ಎಂತಹ ಸಂಸ್ಕಾರ? ವೈದ್ಯನ ಗೋಡೆಯ ಮೇಲೆ ಧನ್ವಂತರಿ ಇರಬೇಕು. ನಮ್ಮ ತಂದೆಯವರ ಫೋಟೊ ಇರಬೇಕು. ಗೃಹಪ್ರವೇಶದ ದಿನ ಆ ಫೋಟೊ ಎಲ್ಲಿತ್ತು ಎಂಬುದು ನನಗೆ ಗೊತ್ತಿದೆ. ಹೇಳಬಾರದೆಂದು ಸುಮ್ಮನಿದ್ದೇನೆ.

ವಿನಯ: ದೊಡ್ಡಪ್ಪ, ಗಾಜು ಒಡೆದಿತ್ತು. ಹೊಸ ಕಟ್ಟಿಗೆ ಕೊಟ್ಟಿದ್ದೆವು. ಅಟ್ಟದ ಮೇಲೆ ಇಟ್ಟಿರಲಿಲ್ಲ.

ದೊಡ್ಡಪ್ಪ: ಅಟ್ಟ ಎಂದು ನಾನು ಹೇಳಲಿಲ್ಲ. ನೀನೇ ಹೇಳಿದೆ.

ವಿನಯ: ಚಿತ್ರದ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆದವನು ಜೇಮ್ಸ್ ಗಿಲ್‌ರೇ, ಇಂಗ್ಲೆಂಡಿನ ವ್ಯಂಗ್ಯಚಿತ್ರಕಾರ. ಪ್ರಕಟವಾದದ್ದು 1802ರ ಜೂನ್ 12. ಹಸುವಿಗೆ ಬರುವ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ಎಡ್ವರ್ಡ್ ಜೆನ್ನರ್ 1798ರಲ್ಲಿ ಪುಸ್ತಕ ಬರೆದಿದ್ದರು. ಅದನ್ನು ಚುಚ್ಚಿಸಿಕೊಂಡರೆ ನಾವೂ ದನವಾಗುತ್ತೇವೆ ಎಂದು ಜನ ಹೆದರಿದರು. ಆ ಹೆದರಿಕೆಯನ್ನೇ ಹಿಗ್ಗಿಸಿ ಬರೆದ ನಗೆಚಿತ್ರವಿದು, ದಾಖಲೆಯಲ್ಲ. ಕಾದು ಕುಳಿತವರು ಒಂದಿಷ್ಟು ನಗಲಿ ಎಂದು ತಂದೆ.

ಅನಿತಾ: ನಾನು ಕೇಳಿದ್ದು ಇಷ್ಟನ್ನೇ.

ರಮೇಶ: ಅಂದರೆ ಹೆದರಿಕೆ ಇದ್ದದ್ದು ನಿಜ ತಾನೇ? ನಾನು ಹೇಳಿದ್ದೂ ಅದನ್ನೇ.

ಅನಿತಾ: ವೈದ್ಯರು ಎಚ್ಚರಿಸಿದ್ದರು ಎಂದು ನೀನು ಕಳುಹಿಸಿದ್ದು. ಮೇಲೆ ಹೋಗಿ ಓದು.

ರಮೇಶ: ಈ ಸಂದೇಶವನ್ನು ಅಳಿಸಲಾಗಿದೆ

ಅನಿತಾ: ಅಳಿಸಿದರೂ ನನ್ನ ಬಳಿ ಇದೆ.

ಸುಧಾ: ಲಸಿಕೆ ಎಂದ ಕೂಡಲೇ ನೆನಪಾಯಿತು. ದಾಕು ಹಾಕುವವರು ಊರಿಗೆ ಬಂದರೆಂದರೆ ಶಾಲೆಯ ಹಿಂದಿನ ಕಿಟಕಿಯಿಂದ ಅರ್ಧ ತರಗತಿ ಖಾಲಿ! ಹಲ್ಲಿನ ಬಿಲ್ಲೆಯನ್ನು ತೋಳಿಗೆ ಒತ್ತಿ ತಿರುಗಿಸುತ್ತಿದ್ದರು, ಅಬ್ಬಾ. ರಮೇಶಣ್ಣ ಹುಣಸೆಮರ ಹತ್ತಿ ಕುಳಿತು, ಅಜ್ಜಿ ಕೊಬ್ಬರಿ ಬೆಲ್ಲ ತೋರಿಸಿದ ಮೇಲೆ ಇಳಿದದ್ದು. ಆ ಮರ ಈಗ ಇಲ್ಲ.

ಚಿಕ್ಕಪ್ಪ: ಮರ ಕಡಿಸಿದ್ದು ಯಾರು ಎಂಬುದನ್ನೂ ಬರೆ.

ಸುಧಾ: ಚಿಕ್ಕಪ್ಪ, ಇವತ್ತು ಬೇಡ.

ಶಾರದತ್ತೆ: ಇಷ್ಟು ಹೊತ್ತು ಓದುತ್ತಿದ್ದೆ. ಮರ, ಫೋಟೊ, ಶುಂಠಿ ಎಲ್ಲ ಬಂತು. ಚಿತ್ರವನ್ನು ಯಾರೂ ದೊಡ್ಡದು ಮಾಡಿ ನೋಡಿದ ಹಾಗೆ ಕಾಣಲಿಲ್ಲ. ನಡುವೆ ಕುರ್ಚಿಯಲ್ಲಿ ಕುಳಿತ ಹೆಂಗಸಿನ ಮುಖ ನೋಡಿ. ಜೆನ್ನರ್ ಅವಳ ತೋಳನ್ನು ಬಿಗಿಯಾಗಿ ಹಿಡಿದಿದ್ದಾರೆ, ಪಕ್ಕದಲ್ಲಿ ಹುಡುಗನೊಬ್ಬ ಹಸುವಿನ ಕೀವು ತುಂಬಿದ ತೊಟ್ಟಿ ಹಿಡಿದು ನಿಂತಿದ್ದಾನೆ. ಅವಳ ಕಣ್ಣು ಮಾತ್ರ ಬೇರೆಲ್ಲೋ ಇದೆ. ನಾನು ನರ್ಸ್ ಆಗಿದ್ದಷ್ಟು ಕಾಲವೂ ಗುರುವಾರದ ಲಸಿಕೆ ಸಾಲಿನಲ್ಲಿ ನೋಡಿದ್ದು ಇದೇ ಮುಖ. ಮಗುವಿಗೆ ಜ್ವರ ಬಂದರೆ ಅತ್ತೆ ಏನೆನ್ನುತ್ತಾರೋ ಎಂದು ಕೇಳಿದವರಿದ್ದಾರೆ. ಅವರಿಗೆ ನಗೆ ಬರುವುದಿಲ್ಲ ವಿನಯ. ಅವರು ಚಿತ್ರವನ್ನು ರಮೇಶ ಓದಿದ ಹಾಗೆಯೇ ಓದುತ್ತಾರೆ.

ರಮೇಶ: ನನ್ನನ್ನು ಯಾಕೆ ಎಳೆಯುತ್ತೀರಿ ಅತ್ತೆ?

ಶಾರದತ್ತೆ: ನೀನು ಹೇಳಿದ್ದರಲ್ಲಿ ಒಂದು ಸರಿಯಿದೆ, ಅದನ್ನೂ ಹೇಳಿಬಿಡುತ್ತೇನೆ. ಲಸಿಕೆಯನ್ನು ವಿರೋಧಿಸಿದ ವೈದ್ಯರೂ ಲಂಡನ್ನಿನಲ್ಲಿದ್ದರು. ಬೆಂಜಮಿನ್ ಮೋಸ್ಲಿ ಅವರಲ್ಲೊಬ್ಬ. ಆದರೆ ಮುಂದೇನಾಯಿತು ಎಂಬುದು ನಿನ್ನ ಸಂದೇಶದಲ್ಲಿಲ್ಲ. ಈ ಚಿತ್ರ ಬಂದ ಎರಡನೆಯ ದಿನ, 1802ರ ಜೂನ್ 14ರಂದು, ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಲಸಿಕೆ ಹಾಕಿದರು. ಭಾರತದಲ್ಲಿ ಮೊದಲು ಫಲಿಸಿದ ಲಸಿಕೆ ಅದು. ಆ ಮಗುವಿನ ತೋಳಿನಿಂದ ತೆಗೆದ ಕೀವಿನಿಂದಲೇ ಮತ್ತಷ್ಟು ಜನರಿಗೆ ಹಾಕಿದರು. 1980ರಲ್ಲಿ ಸಿಡುಬು ಭೂಮಿಯ ಮೇಲೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ನಮ್ಮ ಅಜ್ಜಿಯ ಮುಖದ ತುಂಬ ಸಿಡುಬಿನ ಕಲೆಗಳಿದ್ದವು, ನಿಮ್ಮ ಯಾರ ಮುಖದಲ್ಲೂ ಇಲ್ಲ.

ದೊಡ್ಡಪ್ಪ: ಶಾರದಾ ಹೇಳಿದ್ದು ಸತ್ಯ. ಹಿರಿಯರ ಮಾತನ್ನು ಕೇಳಬೇಕು ಎಂದು ನಾನು ಮೊದಲೇ ಹೇಳಿದ್ದೆ.

ಅನಿತಾ: ನೀವು ಹೇಳಿದ್ದು ಧನ್ವಂತರಿಯ ವಿಷಯ ದೊಡ್ಡಪ್ಪ.

ವಿನಯ: ಹಾಗಾದರೆ ತೆಗೆದುಬಿಡಲೇ ಅತ್ತೆ? ಕಟ್ಟಿಗೇ ಸಾಕಷ್ಟು ಖರ್ಚಾಗಿದೆ.

ಶಾರದತ್ತೆ: ತೆಗೆಯಬೇಡ, ಒಳ್ಳೆಯ ಚಿತ್ರ. ನಿನ್ನ ಕೋಣೆಯಲ್ಲಿ, ನಿನ್ನ ಕುರ್ಚಿಯ ಎದುರಿಗೆ ಹಾಕು. ಜನ ಯಾಕೆ ಹೆದರುತ್ತಾರೆ ಎಂಬುದನ್ನು ವೈದ್ಯ ದಿನಾ ನೋಡಬೇಕು. ತಾಯಂದಿರು ಕೂರುವ ಕಡೆ ಮೈಸೂರಿನ ರಾಣಿಯರ ಚಿತ್ರ ಹಾಕು. ಥಾಮಸ್ ಹಿಕ್ಕಿ ಸುಮಾರು 1805ರಲ್ಲಿ ಬರೆದದ್ದು. ಮೂವರು ಹೆಂಗಸರು ನಿಂತಿದ್ದಾರೆ, ಒಡವೆ, ಜರಿ ಎಲ್ಲ ಇದೆ. ಬಲಗಡೆಯವಳು ಸೆರಗನ್ನು ಸರಿಸಿ ತೋಳು ತೋರಿಸುತ್ತಿದ್ದಾಳೆ.

ಅನಿತಾ: ಅತ್ತೆ, ಬೇಸರ ಮಾಡಿಕೊಳ್ಳಬೇಡಿ, ಇದಕ್ಕೆ ಮೂಲ?

ಶಾರದತ್ತೆ: ಬೇಸರ ಯಾಕೆ, ಕೇಳಲೇಬೇಕು. ನೈಜೆಲ್ ಚಾನ್ಸೆಲರ್ ಎಂಬ ಇತಿಹಾಸಕಾರರ ಅಧ್ಯಯನ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಎಂಬುದು ಅವರ ವಾದ. ಜನರ ಅಂಜಿಕೆ ಬಿಡಿಸಲು ಬರೆಸಿದ ಚಿತ್ರ ಎನ್ನುತ್ತಾರೆ.

ದೊಡ್ಡಪ್ಪ: ರಾಣಿಯವರ ಚಿತ್ರ ಆಗಬಹುದು. ತಂದೆಯವರ ಫೋಟೊ ಅದಕ್ಕಿಂತ ಎತ್ತರದಲ್ಲಿರಬೇಕು.

ವಿನಯ: ಆಗಲಿ ದೊಡ್ಡಪ್ಪ.

ಚಿಕ್ಕಪ್ಪ: ಮರದ ವಿಷಯ ಹಾಗೆಯೇ ಉಳಿಯಿತು.

ಶಾರದತ್ತೆ: ರಮೇಶ, ಇದನ್ನು ಇನ್ನೂ ಯಾವ ಯಾವ ಗುಂಪಿಗೆ ಕಳುಹಿಸಿದ್ದೀಯ?

ರಮೇಶ: ಬಡಾವಣೆಯ ಗುಂಪಿಗೆ. ಕಚೇರಿಯವರಿಗೆ. ಅಲ್ಲಿ ಅಳಿಸುವ ಅವಧಿ ಮುಗಿದಿದೆ ಅತ್ತೆ.

ಶಾರದತ್ತೆ: ಅಳಿಸುವುದು ಬೇಡ. ನಿಮ್ಮ ಬಡಾವಣೆಯಲ್ಲಿ ಎಳೆಯ ಮಕ್ಕಳಿರುವ ಮನೆಗಳಿವೆ. ವರ್ಷ, ಚಿತ್ರಕಾರನ ಹೆಸರು, ಮುಂದೆ ಆದದ್ದು, ಎಲ್ಲವನ್ನೂ ಬರೆದು ಇವತ್ತೇ ಹಾಕು.

ರಮೇಶ: ಅಷ್ಟುದ್ದ ಬರೆಯಲು ನನಗೆ ಬರುವುದಿಲ್ಲ.

ವಿನಯ: ನಾನು ಬರೆದು ಕೊಡುತ್ತೇನೆ ರಮೇಶಣ್ಣ, ನೀನು ಕಳುಹಿಸು.

ರಮೇಶ: ಸರಿ, ಕೊಡು. ಅನಿತಾಳಿಗೆ ಒಮ್ಮೆ ತೋರಿಸಿಯೇ ಕೊಡು.